ಅರ್ಜಿ ಓದುವವರು ಸಾಹೇಬರಲ್ಲ: ಸರ್ಕಾರಿ ಕಚೇರಿಗೆ ತಿಳಿಯುವ ಹಾಗೆ ಬರೆಯುವುದು ಹೇಗೆ

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಮೇಷ್ಟ್ರು ಒಂದು ಅರ್ಜಿ ಹಿಡಿದುಕೊಂಡು ಬಂದರು. ಮೂರೂವರೆ ಪುಟ, ಅದೂ ಹಾಳೆಯ ಎರಡೂ ಬದಿ. "ಓದಿ ನೋಡಯ್ಯ, ಎಲ್ಲಾದ್ರೂ ತಪ್ಪಿದೆಯಾ? ಎರಡು ಸಲ ಕೊಟ್ಟೆ, ಒಬ್ಬರೂ ಕ್ಯಾರೇ ಅನ್ನಲಿಲ್ಲ" ಅಂದರು. ಓದಿದೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಮೊದಲ ಪುಟದಲ್ಲಿ ಬೀದಿಯ ಇತಿಹಾಸ. ಎರಡನೆಯದರಲ್ಲಿ ಹಿಂದಿನ ಸದಸ್ಯರ ಮೇಲಿನ ಸಿಟ್ಟು. ಮೂರನೇ ಪುಟದ ಕೊನೆಗೆ, ಅಂತೂ ಇಂತೂ, ವಿಷಯ ಬಂತು: ಮನೆ ಮುಂದಿನ ಚರಂಡಿಯ ಚಪ್ಪಡಿ ಒಡೆದಿದೆ, ಹಾಕಿಸಿಕೊಡಿ.

ಒಂದು ಚಪ್ಪಡಿ. ಅಷ್ಟೇ.

ನಾನು ನಿವೃತ್ತಿಗೆ ಮುಂಚೆ 11 ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಕೂತವನು. ಮೊದಲು ಟಪಾಲು ಟೇಬಲ್ಲು, ಆಮೇಲೆ ಕೇಸ್ ವರ್ಕರ್. ಇಂಥ ಅರ್ಜಿಗಳನ್ನು "ಆಮೇಲೆ ನೋಡೋಣ" ಅಂತ ಕಟ್ಟಿನ ಅಡಿಗೆ ನಾನೂ ತಳ್ಳಿದ್ದೇನೆ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ನಿಜ. ಎಷ್ಟೋ ಸಲ ಅದರ ಹಿಂದೆ ದ್ವೇಷವೂ ಇರಲಿಲ್ಲ, ಲಂಚದ ಆಸೆಯೂ ಇರಲಿಲ್ಲ. ಏನು ಮಾಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಟೇಬಲ್ಲಿನ ಆ ಕಡೆಯಿಂದ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾರು ಓದುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ

"ಗೆ, ಮಾನ್ಯ ತಹಶೀಲ್ದಾರರು" ಅಂತ ನೀವು ಬರೆಯುತ್ತೀರಿ. ಆದರೆ ನಿಮ್ಮ ಕಾಗದ ಮೊದಲು ಹೋಗುವುದು ಟಪಾಲು ತೆಗೆದುಕೊಳ್ಳುವವರ ಕೈಗೆ. ಅವರು ಓದುವುದು 'ವಿಷಯ' ಅನ್ನೋ ಸಾಲು ಮಾತ್ರ. ಅದನ್ನೇ ರಿಜಿಸ್ಟರಿನಲ್ಲಿ ಬರೆದು, ನಂಬರ್ ಹಾಕಿ, ಯಾವ ಶಾಖೆಗೆ ಅಂತ ಗುರುತು ಮಾಡುತ್ತಾರೆ. ಆಮೇಲೆ ಅದು ಕೇಸ್ ವರ್ಕರ್ ಹತ್ತಿರ ಬರುತ್ತದೆ. ಇಡೀ ಅರ್ಜಿ ಓದುವ ಮನುಷ್ಯ ಇವರೊಬ್ಬರೇ. ಇವರು ಅದನ್ನು ಕಡತಕ್ಕೆ ಸೇರಿಸಿ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಾರೆ. ಸಾಹೇಬರು ನೋಡುವುದು ಆ ಟಿಪ್ಪಣಿಯನ್ನು. ಅನುಮಾನ ಬಂದರೆ ಮಾತ್ರ ನಿಮ್ಮ ಅರ್ಜಿಯ ಹಾಳೆ ತಿರುಗಿಸುತ್ತಾರೆ.

ಅಂದರೆ ನಿಮ್ಮ ಅರ್ಜಿಯಿಂದ ಇನ್ನೊಬ್ಬರು ಇನ್ನೊಂದು ಬರಹ ಬರೆಯಬೇಕು. ನಿಮ್ಮ ವಾಕ್ಯವನ್ನೇ ಎತ್ತಿ ಟಿಪ್ಪಣಿಗೆ ಹಾಕುವ ಹಾಗಿದ್ದರೆ ಅವರ ಕೆಲಸ ಐದು ನಿಮಿಷದ್ದು. ಮೂರೂವರೆ ಪುಟದಿಂದ ಹಿಂಡಿ ತೆಗೆಯಬೇಕು ಅಂದರೆ, ಅದು ನಾಳೆಗೆ ಹೋಗುತ್ತೆ. ನಾಳೆ ಯಾವಾಗ ಬರುತ್ತೆ ಅಂತ ನಿಮಗೇ ಗೊತ್ತು.

ಕೇಸ್ ವರ್ಕರ್ ತಲೆಯಲ್ಲಿ ಓಡುವ ಪ್ರಶ್ನೆಗಳು ನಾಲ್ಕೇ. ಇದು ನಮ್ಮ ಕಚೇರಿಗೆ ಸೇರಿದ್ದಾ? ಯಾವ ಜಾಗ ಅಥವಾ ಯಾವ ದಾಖಲೆ? ಏನು ಮಾಡಿಕೊಡಬೇಕಂತೆ? ಹಿಂದೆ ಇದರ ಬಗ್ಗೆ ಏನಾದರೂ ನಡೆದಿದೆಯಾ? ಈ ನಾಲ್ಕಕ್ಕೂ ಉತ್ತರ ಮೊದಲ ಪುಟದಲ್ಲೇ ಸಿಕ್ಕರೆ ಸಾಕು.

ಈಗ ಬಹಳ ಕಡೆ ಇ-ಆಫೀಸ್ ಬಂದಿದೆ, ಅಂದರೆ ಕಡತ ಕಂಪ್ಯೂಟರಿನಲ್ಲೇ ಓಡಾಡುತ್ತೆ. ಕಾಗದವನ್ನು ಸ್ಕ್ಯಾನ್ ಮಾಡುತ್ತಾರೆ. ಎರಡೂ ಬದಿ ಬರೆದರೆ ಹಿಂದಿನ ಅಕ್ಷರ ಮುಂದೆ ಮೂಡುತ್ತೆ, ಅಂಚಿನವರೆಗೆ ಬರೆದರೆ ಅಕ್ಷರ ಕತ್ತರಿಸಿ ಹೋಗುತ್ತೆ. ಒಂದೇ ಬದಿ ಬರೆಯಿರಿ, ಎಡಗಡೆ ಎರಡು ಬೆರಳಷ್ಟು ಜಾಗ ಬಿಡಿ.

ಪೆನ್ನು ಹಿಡಿಯುವ ಮುಂಚೆ ಬಾಯಲ್ಲಿ ಹೇಳಿ ನೋಡಿ

ನಿಮಗೆ ಏನು ಆಗಬೇಕು ಅಂತ ಮನೆಯವರ ಮುಂದೆ ಒಂದೇ ವಾಕ್ಯದಲ್ಲಿ ಹೇಳಿ. "ಪಹಣೀಲಿ ನಮ್ಮಪ್ಪನ ಹೆಸರು ತಪ್ಪಾಗಿದೆ, ಸರಿ ಮಾಡಿಸಬೇಕು." "ಮೂಲೆ ಕಂಬದ ದೀಪ ಉರೀತಿಲ್ಲ, ಬದಲಾಯಿಸಬೇಕು." ಹೀಗೆ ಹೇಳೋಕೆ ಬಂದರೆ ಅರ್ಧ ಅರ್ಜಿ ಬರೆದಂತೆ. ಹೇಳೋಕೆ ಬರದಿದ್ದರೆ ಇನ್ನೂ ಬರೆಯಬೇಡಿ, ಸ್ವಲ್ಪ ಯೋಚನೆ ಮಾಡಿ.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಅದರ ಹೆಸರು 'ಸೂಕ್ತ ಕ್ರಮ'. "ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕು" ಅಂತ ಬರೆದರೆ ಏನು ಕೇಳಿದ ಹಾಗಾಯಿತು? ಇಂಥ ಅರ್ಜಿ ಬಂದರೆ ನಾವು ಇನ್ನೊಂದು ಕಚೇರಿಗೆ ಒಂದು ಪತ್ರ ಬರೆದು, "ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ" ಅಂತ ನಿಮಗೊಂದು ಪ್ರತಿ ಕಳಿಸುತ್ತಿದ್ದೆವು. ನೀವು ಕೇಳಿದ್ದೂ ಸೂಕ್ತ ಕ್ರಮ, ಕೊಟ್ಟಿದ್ದೂ ಸೂಕ್ತ ಕ್ರಮ. ಕಡತ ಮುಕ್ತಾಯ. ದೀಪ ಹಾಕಿಸಿ, ಹೆಸರು ತಿದ್ದಿ, ನಕಲು ಕೊಡಿ, ಸ್ಥಳಕ್ಕೆ ಬಂದು ಅಳತೆ ಮಾಡಿ ಅಂತ ಬಿಡಿಸಿ ಬರೆಯಿರಿ.

ಇದರ ಜೊತೆಗೇ ಯಾವ ಕಚೇರಿ ಅಂತಲೂ ವಿಚಾರಿಸಿ. ಬೀದಿದೀಪ ಕೆಟ್ಟರೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ನೋಡಬೇಕು. ತಂತಿ ಕಡಿದರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಿದ್ಯುತ್ ಕಂಪನಿ. ಒಂದೇ ಕಂಬ, ಇಬ್ಬರು ಯಜಮಾನರು.

ವಿಷಯದ ಸಾಲಿಗೆ ಹತ್ತು ನಿಮಿಷ ಕೊಡಿ

"ವಿಷಯ: ನಮ್ಮ ಸಮಸ್ಯೆಯನ್ನು ಬಗೆಹರಿಸಿಕೊಡುವ ಕುರಿತು." ದಿನಕ್ಕೆ ಇಂಥವು ಹತ್ತಾದರೂ ಬರುತ್ತಿದ್ದವು. ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡರೆ ಆಮೇಲೆ ಹುಡುಕೋಕೆ ಆಗುತ್ತಾ? ನೀವು ಎರಡು ತಿಂಗಳು ಬಿಟ್ಟು ಬಂದು "ನನ್ನ ಅರ್ಜಿ ಏನಾಯ್ತು ಸಾರ್" ಅಂದಾಗ, ಆ ಪುಟದಲ್ಲಿ ಹತ್ತು 'ಸಮಸ್ಯೆ'ಗಳಿರುತ್ತವೆ.

ಇದನ್ನು ನೋಡಿ: "ವಿಷಯ: ಸರ್ವೆ ನಂ. 47/2ರ ಪಹಣಿಯಲ್ಲಿ ತಪ್ಪಾಗಿರುವ ತಂದೆಯ ಹೆಸರು ತಿದ್ದುವ ಬಗ್ಗೆ." ಯಾವ ಜಮೀನು, ಯಾವ ದಾಖಲೆ, ಏನು ಮಾಡಬೇಕು, ಮೂರೂ ಬಂತು. ಟಪಾಲಿನವರು ಕಣ್ಣು ಮುಚ್ಚಿಕೊಂಡು ಸರಿಯಾದ ಶಾಖೆಗೆ ಹಾಕುತ್ತಾರೆ.

ಅದರ ಕೆಳಗೆ 'ಉಲ್ಲೇಖ' ಅಂತ ಒಂದು ಸಾಲು ಇರುತ್ತಲ್ಲ, ಅದನ್ನು ಸುಮ್ನೆ ಖಾಲಿ ಬಿಡಬೇಡಿ. ಹಿಂದೆ ಅರ್ಜಿ ಕೊಟ್ಟಿದ್ದರೆ ಅದರ ತಾರೀಖು, ಟಪಾಲಿನವರು ಹಾಕಿದ ಇನ್‌ವರ್ಡ್ ನಂಬರ್ ಅಲ್ಲಿ ಹಾಕಿ. ನಾಲ್ಕನೇ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತೆ.

'ವಿನಂತಿಸಿಕೊಳ್ಳುವುದೇನೆಂದರೆ' ಬಿಟ್ಟು ಬರೆಯಿರಿ

ಮೇಷ್ಟ್ರ ಅರ್ಜಿ ಹೀಗೆ ಶುರುವಾಗುತ್ತಿತ್ತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಬೀದಿಯು ಬಹಳ ಹಿಂದಿನಿಂದಲೂ ಮೂಲಭೂತ ಸೌಕರ್ಯಗಳಿಂದ ವಂಚಿತವಾಗಿದ್ದು, ಸದರಿ ಬೀದಿಯಲ್ಲಿ ಇರುವಂತಹ ಚರಂಡಿಯು ಸಮರ್ಪಕವಾಗಿ ಇಲ್ಲದೇ ಇರುವುದರಿಂದ ಸಾರ್ವಜನಿಕರಿಗೆ ತುಂಬಾ ತೊಂದರೆ ಉಂಟಾಗುತ್ತಿದ್ದು, ಈ ಬಗ್ಗೆ ಹಲವು ಬಾರಿ ಮೌಖಿಕವಾಗಿ ತಿಳಿಸಿದ್ದರೂ ಸಹ ಯಾವುದೇ ಪ್ರಯೋಜನವಾಗದೇ ಇರುವುದರಿಂದ..."

ವಾಕ್ಯ ಇನ್ನೂ ಮುಗಿದಿಲ್ಲ. ಮುಂದಿನ ಪುಟಕ್ಕೆ ಹೋಗುತ್ತೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅನ್ನೋದು ಇಲ್ಲಿ ಮುಖ್ಯ. 'ಹಾಕಿಸಿಕೊಡಿ' ಅನ್ನೋ ಮಾತು ಬರುವ ತನಕ ಓದುವವರಿಗೆ ಇದು ದೂರೋ, ಬೇಡಿಕೆಯೋ, ಮಾಹಿತಿಯೋ ಗೊತ್ತಾಗುವುದಿಲ್ಲ. ನಡುವೆ 'ಆಗಿದ್ದು', 'ಇರುವುದರಿಂದ', 'ಆಗುತ್ತಿದ್ದು' ಅಂತ ಗಂಟು ಹಾಕುತ್ತಾ ಹೋದರೆ, ಕೊನೆಗೆ ಬರುವಷ್ಟರಲ್ಲಿ ಶುರು ಮರೆತುಹೋಗಿರುತ್ತೆ. ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ಸಾಲದೋ ಅಲ್ಲಿ 'ಆಗಿದ್ದು' ತೆಗೆದು 'ಆಗಿದೆ' ಮಾಡಿ, ಒಂದು ಚುಕ್ಕೆ ಇಡಿ. ಇಷ್ಟು ಮಾಡಿದರೇ ಅರ್ಜಿಯ ಮುಖ ಬದಲಾಗುತ್ತೆ.

'ಸದರಿ', 'ಇರುವಂತಹ', 'ಸಹ' ಇವು ಕಚೇರಿಯಿಂದ ಜನರಿಗೆ ಅಂಟಿದ ಜಾಡ್ಯ. ತಪ್ಪು ನಮ್ಮದೇ. "ಸದರಿ ಮನವಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ" ಅಂತ ಹಿಂಬರಹ (ಅರ್ಜಿಗೆ ಕಚೇರಿ ಕೊಡುವ ಉತ್ತರ) ಬರೆದು ಬರೆದು, ಸಲೀಸಾದ ಕನ್ನಡದಲ್ಲಿ ಬರೆದರೆ ಅರ್ಜಿಯೇ ಅಲ್ಲ ಅನ್ನೋ ಭಾವನೆ ಹುಟ್ಟಿಸಿಬಿಟ್ಟಿದ್ದೇವೆ. ಯಾರು ಪರಿಶೀಲಿಸಿದರು, ಯಾವ ನಿಯಮ ಅಂತ ಅದರಲ್ಲಿ ಹುಡುಕಿದರೂ ಸಿಗಲ್ಲ.

ಪದ ತೆಗೆಯುವುದು ಸುಲಭ. ತೆಗೆದ ಜಾಗಕ್ಕೆ ಏನು ಹಾಕಬೇಕು ಅನ್ನೋದೇ ಕೆಲಸ. ಅವತ್ತು ನಾನು ಮೇಷ್ಟ್ರನ್ನು ಜಗಲಿ ಮೇಲೆ ಕೂರಿಸಿಕೊಂಡು ಪ್ರಶ್ನೆ ಕೇಳಿದೆ.

"ಮೇಷ್ಟ್ರೇ, ಎಲ್ಲಿ ಒಡೆದಿರೋದು?"

"ನಮ್ಮ ಮನೆ ಮುಂದೆ ಕಣಯ್ಯ, ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?"

"ಹಾಲಿನ ಡೇರಿಯಿಂದ ಮೂರನೇ ಮನೆ ಅನ್ನು. ಎಡಗಡೆ."

"ಎಷ್ಟು ದೊಡ್ಡದು?"

ಗೊತ್ತಿರಲಿಲ್ಲ. ಟೇಪು ತೆಗೆದುಕೊಂಡು ಹೋಗಿ ಅಳೆದೆವು. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ.

"ಯಾವಾಗ ಒಡೀತು?"

"ಯುಗಾದಿ ಕಳೆದ ಮೇಲೆ. ಮರಳಿನ ಟ್ರ್ಯಾಕ್ಟರ್ ಹತ್ತಿಸಿಬಿಟ್ಟ."

"ಯಾರಿಗಾದ್ರೂ ಪೆಟ್ಟಾಗಿದೆಯಾ?"

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊಮ್ಮಗಳ ಕಾಲು ಸಿಕ್ಕಿಹಾಕಿಕೊಂಡಿತ್ತು. ಮೂರು ಹೊಲಿಗೆ."

ಮೂರೂವರೆ ಪುಟದಲ್ಲಿ ಇದು ಎಲ್ಲೂ ಇರಲಿಲ್ಲ. ಯಾಕೆ ಬರೆಯಲಿಲ್ಲ ಅಂತ ಕೇಳಿದೆ. "ನಮ್ಮ ಮನೆ ವಿಷಯ ಅಲ್ವಾ, ಸಾರ್ವಜನಿಕರಿಗೆ ತೊಂದರೆ ಅಂತ ಬರೆದಿದ್ದೀನಲ್ಲ" ಅಂದರು. ಸಾರ್ವಜನಿಕರಿಗೆ ತೊಂದರೆ ಅನ್ನೋದನ್ನು ನಾನು ದಿನಕ್ಕೆ ಇಪ್ಪತ್ತು ಸಲ ಓದುತ್ತಿದ್ದೆ. ಮೂರು ಹೊಲಿಗೆ ಅಂತ ಓದಿದ್ದರೆ ಆ ಕಾಗದ ಅಡಿಗೆ ಹೋಗುತ್ತಿರಲಿಲ್ಲ.

ಕೊನೆಗೆ ಅರ್ಜಿ ಇಷ್ಟಾಯಿತು:

"ಮಾನ್ಯರೇ,
ನಮ್ಮ ಬೀದಿಯಲ್ಲಿ ಹಾಲಿನ ಡೇರಿಯಿಂದ ಎಡಗಡೆ ಮೂರನೇ ಮನೆಯ ಮುಂದೆ ಚರಂಡಿಯ ಚಪ್ಪಡಿ ಒಡೆದಿದೆ. ಒಡೆದ ಜಾಗ 4 ಅಡಿ ಉದ್ದ, 3 ಅಡಿ ಅಗಲ. ದಯವಿಟ್ಟು ಹೊಸ ಚಪ್ಪಡಿ ಹಾಕಿಸಿಕೊಡಿ.
ಏಪ್ರಿಲ್‌ನಲ್ಲಿ ಮರಳಿನ ಟ್ರ್ಯಾಕ್ಟರ್ ಹತ್ತಿದಾಗ ಇದು ಒಡೆಯಿತು. ಜೂನ್ 18ರಂದು ಆರು ವರ್ಷದ ಹುಡುಗಿಯ ಕಾಲು ಇದರಲ್ಲಿ ಸಿಕ್ಕಿ ಮೂರು ಹೊಲಿಗೆ ಹಾಕಿದ್ದಾರೆ. ಇದೇ ಬೀದಿಯಲ್ಲಿ ಅಂಗನವಾಡಿ ಇದೆ. ಮಕ್ಕಳು ದಿನಾ ಇದನ್ನು ದಾಟಿಕೊಂಡು ಹೋಗುತ್ತಾರೆ.
ಮೇ 6 ಮತ್ತು ಜೂನ್ 24ರಂದು ಅರ್ಜಿ ಕೊಟ್ಟಿದ್ದೆ. ಎರಡು ಫೋಟೋ ಲಗತ್ತಿಸಿದ್ದೇನೆ.
ತಮ್ಮ ವಿಶ್ವಾಸಿ,"

ಮೇಷ್ಟ್ರು ಎರಡು ಸಲ ಓದಿದರು. "ಗೌರವ ಕಮ್ಮಿ ಆಯ್ತಲ್ಲಯ್ಯ?" ಅಂದರು. ಮೇಲೆ 'ಮಾನ್ಯರೇ' ಇದೆ, ನಡುವೆ 'ದಯವಿಟ್ಟು' ಇದೆ, ಕೆಳಗೆ 'ತಮ್ಮ ವಿಶ್ವಾಸಿ' ಇದೆ. ಇದಕ್ಕಿಂತ ಜಾಸ್ತಿ ಗೌರವ ಚಪ್ಪಡಿಗೆ ಬೇಕಾಗಿಲ್ಲ ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಸಹಿ ಹಾಕಿದರು.

ಬೇಡಿಕೆ ಮೊದಲ ಪ್ಯಾರಾದಲ್ಲೇ ಬಂದಿದೆ, ಕಾರಣ ಆಮೇಲೆ ಬಂದಿದೆ ಅನ್ನೋದನ್ನು ಗಮನಿಸಿ. ನಾವು ಮಾತಾಡುವಾಗ ಹಾಗಲ್ಲ. ಮೊದಲು ಊಟ ಆಯ್ತಾ, ಮಳೆ ಹೇಗಿದೆ, ಆಮೇಲೆ ಸಾಲದ ವಿಷಯ. ಕಾಗದದಲ್ಲಿ ಅದನ್ನು ತಿರುಗಿಸಿ ಹಾಕಬೇಕು.

ಅಂಕಿ, ಅಳತೆ, ತಾರೀಖು

ಜಮೀನಿನ ಅರ್ಜಿಯಲ್ಲಿ '2.10 ಎಕರೆ' ಅಂತ ಬರೆಯುವವರು ತುಂಬಾ ಜನ. ಅವರ ಮನಸ್ಸಿನಲ್ಲಿರುವುದು ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ಅದು ದಶಮಾಂಶದಲ್ಲಿ 2.25 ಎಕರೆ. ಓದುವವರು 2.10 ಅಂತಲೇ ಹಿಡಿದರೆ ಆರು ಗುಂಟೆ ಕಾಗದದ ಮೇಲೆ ಮಾಯ. '2 ಎಕರೆ 10 ಗುಂಟೆ' ಅಂತ ಬಿಡಿಸಿ ಬರೆಯಿರಿ.

ತಾರೀಖೂ ಅಷ್ಟೇ. '05/06' ಅಂದರೆ ಮೇ ಆರೋ ಜೂನ್ ಐದೋ? ತಿಂಗಳ ಹೆಸರು ಬರೆದರೆ ಜಗಳವೇ ಇಲ್ಲ. 'ಕಳೆದ ವಾರ', 'ಮೊನ್ನೆ' ಬೇಡ. ನಿಮ್ಮ ಮೊನ್ನೆ ಓದುವವರಿಗೆ ಮೂರು ವಾರದ ಹಿಂದಿನದಾಗಿರುತ್ತೆ.

ಹೆಸರು ಆಧಾರಿನಲ್ಲಿ ಒಂದು ತರಹ, ಪಹಣಿಯಲ್ಲಿ ಇನ್ನೊಂದು ತರಹ ಇದ್ದರೆ ಎರಡನ್ನೂ ಬರೆದು ನಡುವೆ 'ಉರುಫ್' ಹಾಕಿ. ಕರೆಂಟಿನ ವಿಷಯಕ್ಕೆ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್, ಬೀದಿದೀಪಕ್ಕೆ ಕಂಬದ ನಂಬರ್, ಪಂಚಾಯಿತಿ ಮನೆ-ಸೈಟಿಗೆ ಇ-ಸ್ವತ್ತಿನ ನಮೂನೆಯಲ್ಲಿರುವ ಆಸ್ತಿ ನಂಬರ್. ಒಂದು ನಂಬರ್ ಅರ್ಧ ಪುಟದ ವರ್ಣನೆ ಉಳಿಸುತ್ತೆ.

ಸಿಟ್ಟು ಬಂದಾಗ

ಬರೆಯಿರಿ, ಆದರೆ ಆವತ್ತೇ ಕೊಡಬೇಡಿ. ನಿಮ್ಮ ಕೆಲಸ ಮಾಡಿಕೊಡಬೇಕಾದ ಮನುಷ್ಯನ ಮೇಲೇ ಅರ್ಜಿಯಲ್ಲಿ ಆರೋಪ ಇದ್ದರೆ, ಅವರು ಮೊದಲು ತಮ್ಮ ರಕ್ಷಣೆ ನೋಡಿಕೊಳ್ಳುತ್ತಾರೆ. ಚಪ್ಪಡಿ ಹಿಂದೆ ಬೀಳುತ್ತೆ. ದುಡ್ಡು ಕೇಳಿದ್ದಾರೆ ಅಂತಲೇ ಇದ್ದರೆ ಅದನ್ನು ಬೇರೆ ಕಾಗದದಲ್ಲಿ, ಬೇರೆ ಜಾಗಕ್ಕೆ ಕೊಡಿ. ಲೋಕಾಯುಕ್ತಕ್ಕೆ ದೂರು ಕೊಡಲು ಬೇರೆಯೇ ನಮೂನೆ ಇದೆ, ಅಫಿಡವಿಟ್ ಸಹಿತ ಕೊಡಬೇಕು.

ಮಾಹಿತಿ ಹಕ್ಕಿನ ಅರ್ಜಿಯಾದರೆ

ಇಲ್ಲಿ ಓದುವವರು ಬೇರೆ. ಸಾರ್ವಜನಿಕ ಮಾಹಿತಿ ಅಧಿಕಾರಿ ನಿಮ್ಮ ಸಮಸ್ಯೆ ಬಗೆಹರಿಸೋಕೆ ಕೂತಿಲ್ಲ. ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡುವುದಷ್ಟೇ ಅವರ ಕೆಲಸ. 2005ರ ಕಾಯ್ದೆ ಹೇಳುವುದೂ ಅದನ್ನೇ. ಇಲ್ಲದ ಮಾಹಿತಿಯನ್ನು ಹುಟ್ಟಿಸಿ ಕೊಡಬೇಕಾಗಿಲ್ಲ, ಅಭಿಪ್ರಾಯ ಹೇಳಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ.

ಹಾಗಾಗಿ "ನಮ್ಮ ರಸ್ತೆ ಯಾಕೆ ಮಾಡಿಲ್ಲ? ಹಣ ಎಲ್ಲಿಗೆ ಹೋಯಿತು?" ಅಂತ ಕೇಳಿದರೆ ಉತ್ತರ ಬರುವುದು ಕಷ್ಟ. ಅದನ್ನೇ ದಾಖಲೆಯ ಹೆಸರು ಹಿಡಿದು ಕೇಳಿ: "2023-24ನೇ ಸಾಲಿನಲ್ಲಿ ಇಂಥ ಊರಿನ ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ನಕಲು ಕೊಡಿ." ಹಣ ಎಲ್ಲಿಗೆ ಹೋಯಿತು ಅಂತ, ಎಷ್ಟು ಕೆಲಸ ಆಗಿದೆ ಅಂತ ಅಳೆದು ಬರೆದಿಡುವ ಅಳತೆ ಪುಸ್ತಕವೇ ಹೇಳುತ್ತೆ. ಯಾಕೆ ಬೇಕು ಅಂತ ನೀವು ಕಾರಣ ಕೊಡಬೇಕಾಗಿಲ್ಲ. ಕೊಡಲೂ ಬೇಡಿ, ಸುಮ್ನೆ ಚರ್ಚೆಗೆ ದಾರಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಅಂತಿದೆ. ಕೇಂದ್ರದ ಕಚೇರಿಗಳಿಗೆ 500 ಪದ. ಈ 150ರ ಮಿತಿಯನ್ನು ಹಲವರು ಬೈಯುತ್ತಾರೆ, ಹಕ್ಕಿಗೆ ಕತ್ತರಿ ಹಾಕಿದ್ದಾರೆ ಅಂತ. ಅವರ ಮಾತಲ್ಲಿ ನ್ಯಾಯ ಇದೆ. ಆದರೆ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಅದೂ ಅಲ್ಲದೆ ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಂಡಿರುತ್ತೆ. ಇಂಗ್ಲಿಷಿನಲ್ಲಿ 'ಆಫ್', 'ದಿ', 'ಟು' ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 150 ಪದದಲ್ಲಿ ಕನ್ನಡದವರಿಗೆ ಜಾಸ್ತಿ ಜಾಗ.

ಶುಲ್ಕ ₹10. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರ 30 ದಿನದೊಳಗೆ ಬರಬೇಕು. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ತಪ್ಪಿ ಬೇರೆ ಕಚೇರಿಗೆ ಕೊಟ್ಟರೆ ಅವರೇ ಐದು ದಿನದಲ್ಲಿ ಸರಿಯಾದ ಕಚೇರಿಗೆ ಕಳಿಸಬೇಕು. ಮಾಮೂಲಿ ಅರ್ಜಿಗೆ ಈ ಸವಲತ್ತು ಇಲ್ಲ.

ಜಾತಿ, ಆದಾಯ ಪ್ರಮಾಣಪತ್ರದಂಥ ಸಕಾಲ ಸೇವೆಗಳಿಗೆ (ಇಷ್ಟು ದಿನದೊಳಗೆ ಮಾಡಿಕೊಡಬೇಕು ಅಂತ ಗಡುವು ಇರುವವು) ಪತ್ರ ಬರೆಯುತ್ತಾ ಕೂರಬೇಡಿ. ನಮೂನೆ ತುಂಬಿ, 15 ಅಂಕಿಯ ಸ್ವೀಕೃತಿ ನಂಬರ್ ತೆಗೆದುಕೊಳ್ಳಿ, ಆಯ್ತು.

ಕೊಡುವ ಮುಂಚೆ, ಕೊಡುವಾಗ

ವಿಷಯ ಗೊತ್ತಿಲ್ಲದವರ ಕೈಗೆ ಅರ್ಜಿ ಕೊಟ್ಟು ಓದಿಸಿ. ಪಕ್ಕದ ಮನೆ ಪಿಯುಸಿ ಹುಡುಗಿ ಆದರೂ ಸರಿ. ಓದಿಸಿ, ಹಾಳೆ ಕಿತ್ತುಕೊಂಡು, "ಏನು ಕೇಳಿದ್ದೀನಿ ಹೇಳಮ್ಮ" ಅನ್ನಿ. ಅವಳು ತಡವರಿಸಿದರೆ ತಪ್ಪು ಅವಳದ್ದಲ್ಲ.

ಇಮೇಲಿನಲ್ಲಿ ಕಳಿಸುವುದಾದರೆ ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇರುವೆ ಓಡಾಡಿದ ಹಾಗೆ ಕಾಣುತ್ತೆ. ಅದರ ಹಿಂದೆ ಎಂಥ ಚಂದದ ಕನ್ನಡ ಇದ್ದರೂ ಅಷ್ಟೇ.

ಕೈಯಲ್ಲಿ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಮನೆಗೆ ತನ್ನಿ. ಮೇಷ್ಟ್ರು ಮೊದಲೆರಡು ಸಲ ಇದನ್ನು ಮಾಡಿರಲಿಲ್ಲ. ಕೇಳೋಕೆ ಸಂಕೋಚ ಆಯ್ತಂತೆ. ಕೆಳಗೆ ಫೋನ್ ನಂಬರ್ ಬರೆಯುವುದನ್ನೂ ಮರೆತಿದ್ದರು. ಈ ಸಲ ನಾನೇ ಜೊತೆಗೆ ಹೋದೆ. ಸೀಲು ಹಾಕಿಸಿದೆ, ಫೋನ್ ನಂಬರನ್ನೂ ಬರೆಸಿದೆ.

ಎಂಟನೇ ದಿನ ಮೇಷ್ಟ್ರಿಗೆ ಫೋನ್ ಬಂತು. ಕೆಲಸದವರು ಚಪ್ಪಡಿ ಸಮೇತ ಬೀದಿಯ ತುದಿಗೆ ಬಂದು ನಿಂತಿದ್ದರು. ಅವರು ಕೇಳಿದ್ದು ಒಂದೇ: "ಡೇರಿ ಅಂದ್ರೆ ಹಳೇದಾ ಸಾರ್, ಹೊಸದಾ?"

ನಮ್ಮ ಬೀದಿಯಲ್ಲಿ ಎರಡು ಡೇರಿ ಇವೆ. ಹಳೆಯದು ಮುಚ್ಚಿ ನಾಲ್ಕು ವರ್ಷ ಆಯಿತು, ಬೋರ್ಡು ಮಾತ್ರ ಹಾಗೇ ಇದೆ. ನನಗೂ ಮೇಷ್ಟ್ರಿಗೂ ಅದು ಹೊಳೆದೇ ಇರಲಿಲ್ಲ.